ಹೊರಗಿನವಳ ಕುಂಚ

ಊರಿನಲ್ಲಿ ಹುಟ್ಟದವರು ಊರಿನ ಚಿತ್ರ ಬರೆಯಬಾರದೆಂಬ ಹೊಸ ಮಡಿಯೊಂದು ನಮ್ಮ ಕಲಾವಿಮರ್ಶೆಯನ್ನು ಹೊಕ್ಕಿದೆ. ಈ ಮಡಿವಂತರು ಮ್ಯಾಜ್ ಟೆನೆಂಟಳ ಹೆಸರು ಕೇಳಿದ್ದಾರೆಯೋ ಇಲ್ಲವೋ! 1889ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ದಕ್ಷಿಣ ಆಫ್ರಿಕದಲ್ಲಿ ಬೆಳೆದು, ಪ್ಯಾರಿಸಿನಲ್ಲಿ ಕಲಿತ ಈಕೆ 1923ರಲ್ಲಿ ಗಂಡ ಮಕ್ಕಳೊಡನೆ ಹವಾಯಿ ದ್ವೀಪಗಳಿಗೆ ಬಂದಳು. 1972ರಲ್ಲಿ ತೀರಿಕೊಳ್ಳುವ ತನಕ ಅದೇ ಅವಳ ಮನೆ. ಅವಳು ಬರೆದದ್ದು ಅಲ್ಲಿನ ಹೆಂಗಸರನ್ನು. ಪ್ರವಾಸಿಗರ ಭಿತ್ತಿಪತ್ರದಲ್ಲಿ ಬಳುಕುವ ಹುಲಾ ಹುಡುಗಿಯರಲ್ಲ ಅವರು. ದಪ್ಪ ಬಣ್ಣದಲ್ಲಿ ಮೂಡಿದ, ಗುಡ್ಡದಂತೆ ಕುಳಿತ, ರಾಣಿಯ ಗತ್ತಿನ ತುಂಬು ಮೈಯವರು. 1893ರಲ್ಲಿ ತಮ್ಮ ರಾಣಿಯ ಸಿಂಹಾಸನವನ್ನೇ ಕಳೆದುಕೊಂಡ ಜನಕ್ಕೆ ಆ ಗತ್ತು ಸಣ್ಣ ಮಾತೇ? ಅವರ ಕಷ್ಟಕ್ಕಿಂತ ವೈಭವವೇ ಅವಳ ಕಣ್ಣಿಗೆ ಹೆಚ್ಚು ಬಿತ್ತೆನ್ನಿ, ಒಪ್ಪೋಣ. ಆ ಆಕ್ಷೇಪ ಬೇರೆ, ಹುಟ್ಟಿನ ಆಕ್ಷೇಪ ಬೇರೆ.

ದ್ವೀಪ ನಮಗೂ ಇದೆಯಲ್ಲ! ಕಾಯ್ಕಿಣಿಯ ಕಡಲಾಚೆಗೇ ನೇತ್ರಾಣಿ. ಹರಕೆ ಹೊತ್ತ ಮೀನುಗಾರರು ದೋಣಿಯಲ್ಲಿ ಆಡುಗಳನ್ನು ಒಯ್ದು ಅಲ್ಲಿ ಬಿಟ್ಟುಬರುವ ವಾಡಿಕೆ. ಅಲೆಯ ಮೇಲೆ ಬೆದರಿ ನಿಂತ ಆಡು, ಎಂಥ ಚಿತ್ರವಾದೀತು! ಇಲ್ಲೇ ಹುಟ್ಟಿದ ನಮ್ಮ ಕುಂಚಗಳೋ, ಹೆಚ್ಚಾಗಿ, ಪಕ್ಕದ ಮುರ್ಡೇಶ್ವರದ 123 ಅಡಿಯ ಶಿವನನ್ನು ಫೋಟೋ ನೋಡಿ ಇಳಿಸುವುದರಲ್ಲೇ ಸುಖವಾಗಿವೆ. ನಾಳೆ ಎಲ್ಲಿಂದಲೋ ಬಂದವಳೊಬ್ಬಳು ಕಾಯ್ಕಿಣಿಯಲ್ಲಿ ಬಾಡಿಗೆಮನೆ ಹಿಡಿದು, ಹತ್ತು ಮಳೆಗಾಲ ಕಳೆದು, ಆ ಹರಕೆಯ ದೋಣಿಯನ್ನು ಬರೆದಾಳು. ಆಗ ಅವಳ ಜಾತಕ ಕೇಳಲು ಹೊರಡುವ ಮಹನೀಯರು ಮೊದಲು ತಾವೊಮ್ಮೆ ಆ ದೋಣಿ ಹತ್ತಿ ಬರಲಿ.