ಹಳೆಯ ಕಲ್ನಾರು ಛಾವಣಿ ಮತ್ತು ಉದ್ಯಮಿಯ ಹೊಣೆ

ರಾಜಾಜಿನಗರ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ ಹಾಗೂ ಮಾಗಡಿ ರಸ್ತೆಯ ಆಸುಪಾಸಿನ ಹಳೆಯ ಶೆಡ್ಡುಗಳಲ್ಲಿ ಹಲವು ಇಂದಿಗೂ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಶೀಟಿನ ಛಾವಣಿಯನ್ನು ಹೊತ್ತು ನಿಂತಿವೆ. ಅಗ್ಗದ ಬೆಲೆ, ತುಕ್ಕು ಹಿಡಿಯದ ಬಾಳಿಕೆ, ಬೆಂಕಿಯನ್ನು ತಡೆಯುವ ಗುಣ ಇವುಗಳಿಂದಾಗಿ ಸಣ್ಣ ಉದ್ಯಮಿಗಳು ಅದನ್ನು ಮೆಚ್ಚಿದ್ದು ಸಹಜವೇ. ಈಗ ನಿವೇಶನದ ಬೆಲೆ ಏರಿ, ಶೆಡ್ಡುಗಳು ವಸತಿ ಸಮುಚ್ಚಯಗಳಿಗೂ ಮಳಿಗೆಗಳಿಗೂ ಸ್ಥಳ ಬಿಟ್ಟುಕೊಡುತ್ತಿವೆ. ನಿಜವಾದ ಅಪಾಯವಿರುವುದು ಕೆಡವುವ ಈ ಘಟ್ಟದಲ್ಲಿ.

ಸುಸ್ಥಿತಿಯಲ್ಲಿರುವ ಶೀಟಿನಲ್ಲಿ ಕಲ್ನಾರಿನ ಎಳೆಗಳು ಸಿಮೆಂಟಿನೊಡನೆ ಬೆಸೆದುಕೊಂಡಿರುತ್ತವೆ. ಒಡೆದಾಗ, ಕೊರೆದಾಗ, ಗರಗಸದಿಂದ ಕತ್ತರಿಸಿದಾಗ ಅವು ಕಣ್ಣಿಗೆ ಕಾಣದ ಧೂಳಾಗಿ ಶ್ವಾಸಕೋಶವನ್ನು ಸೇರುತ್ತವೆ. ಅದರಿಂದ ಶ್ವಾಸಕೋಶ ಗಡುಸಾಗುವ ಆಸ್‌ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್ ಮತ್ತು ಅದರ ಹೊರಪೊರೆಗೆ ತಗಲುವ ಮೀಸೋಥೀಲಿಯೋಮಾ ಎಂಬ ಮಾರಕ ಕ್ಯಾನ್ಸರ್ ಉಂಟಾಗುತ್ತವೆ. ಮೀಸೋಥೀಲಿಯೋಮಾ ಸಾಮಾನ್ಯವಾಗಿ 20ರಿಂದ 50 ವರ್ಷಗಳ ಬಳಿಕ ತಲೆದೋರುತ್ತದೆ. 1960ರಲ್ಲಿ ದಕ್ಷಿಣ ಆಫ್ರಿಕಾದಿಂದ ಪ್ರಕಟವಾದ ಅಧ್ಯಯನವು ಗಣಿ ಕಾರ್ಮಿಕರಲ್ಲಿ ಮಾತ್ರವಲ್ಲದೆ ಗಣಿಯ ನೆರೆಹೊರೆಯಲ್ಲಿ ವಾಸವಿದ್ದವರಲ್ಲಿಯೂ ಈ ರೋಗವನ್ನು ಗುರುತಿಸಿತು. ಮನೆಯೂ ಕಾರ್ಖಾನೆಯೂ ಗೋಡೆಗೆ ಗೋಡೆ ತಾಗಿಕೊಂಡಿರುವ ನಮ್ಮ ಬಡಾವಣೆಗಳಿಗೆ ಈ ಸಂಗತಿ ಮುಖ್ಯವಾದುದು.

ನಮ್ಮಲ್ಲಿ ಬಳಕೆಯಾಗುವುದು ಬಿಳಿ ಕಲ್ನಾರು, ಅದು ನಿರಪಾಯಕಾರಿ ಎಂಬ ವಾದವಿದೆ. ಆದರೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಬಿಳಿ ಕಲ್ನಾರೂ ಸೇರಿದಂತೆ ಎಲ್ಲ ಬಗೆಯ ಕಲ್ನಾರನ್ನೂ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಒಂದು ಕಾಲಕ್ಕೆ ಪ್ರಮುಖ ರಫ್ತುದಾರನಾಗಿದ್ದ ಕೆನಡಾ ದೇಶವೇ 2018ರಲ್ಲಿ ಅದನ್ನು ನಿಷೇಧಿಸಿತು. ಭಾರತದಲ್ಲಿ ಶೀಟಿನ ತಯಾರಿಕೆಗೂ ಬಿಳಿ ಕಲ್ನಾರಿನ ಆಮದಿಗೂ ನಿಷೇಧವಿಲ್ಲ, ನಿಜ. ಆದರೆ ಕಾನೂನುಬದ್ಧವಾದದ್ದೆಲ್ಲ ನಿರಪಾಯಕಾರಿ ಎಂದು ಭಾವಿಸಲಾಗದು.

ಕಾನೂನು ಸುಮ್ಮನೆಯೂ ಇಲ್ಲ. ಕಾರ್ಮಿಕನ ಆರೋಗ್ಯವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 1995ರ ಜನವರಿಯಲ್ಲಿ ತೀರ್ಪಿತ್ತಿತು. ಕಲ್ನಾರು ಉದ್ಯಮಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿತು. ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಹಾಗೂ ಮೀಸೋಥೀಲಿಯೋಮಾ ಪರಿಹಾರಾರ್ಹ ವೃತ್ತಿರೋಗಗಳ ಪಟ್ಟಿಯಲ್ಲಿವೆ.

ಸಣ್ಣ ಕಾರ್ಖಾನೆಯಲ್ಲಿ ಮಾಲೀಕನೂ ಕಾರ್ಮಿಕನೂ ಉಸಿರಾಡುವುದು ಒಂದೇ ಗಾಳಿಯನ್ನು. ಆದ್ದರಿಂದ ಇದು ಪರರ ಹಿತದ ಮಾತಷ್ಟೇ ಅಲ್ಲ. ಶೆಡ್ಡನ್ನು ಕೆಡವುವ ಗುತ್ತಿಗೆ ಪತ್ರದಲ್ಲಿ ಕೆಲವು ಷರತ್ತುಗಳು ಇರಲೇಬೇಕು. ಶೀಟುಗಳನ್ನು ನೀರಿನಿಂದ ತೋಯಿಸಿ, ಬೋಲ್ಟು ಬಿಚ್ಚಿ, ಒಡೆಯದೆ ಇಡಿಯಾಗಿ ಕೆಳಗಿಳಿಸಬೇಕು. ಕೆಲಸದವರಿಗೆ ಸೂಕ್ಷ್ಮ ಕಣಗಳನ್ನು ಸೋಸುವ ಮುಖಗವಸು ಕೊಡಬೇಕು. ಬಾಯಿಗೆ ಕಟ್ಟಿದ ಕರವಸ್ತ್ರ ಸಾಲದು. ಧೂಳು ಹತ್ತಿದ ಬಟ್ಟೆ ಅವರ ಮನೆ ಸೇರಬಾರದು. ಒಡೆದ ಚೂರುಗಳನ್ನು ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಬೇಕು. ರಾಜಕಾಲುವೆಗೋ ಕೆರೆಯಂಗಳಕ್ಕೋ ಸುರಿಯದೆ, ವಿಲೇವಾರಿಯ ಬಗ್ಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ವಿಚಾರಿಸಬೇಕು. ಕಲ್ನಾರು ಬೆರೆತ ಹಳೆಯ ಬ್ರೇಕ್ ಲೈನಿಂಗ್‌ಗಳ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದುವ ಪದ್ಧತಿಯೂ ನಿಲ್ಲಬೇಕು.

ಈ ಹೊರೆಯನ್ನು ಒಬ್ಬೊಬ್ಬ ಉದ್ಯಮಿಯೂ ಪ್ರತ್ಯೇಕವಾಗಿ ಹೊರುವುದು ಕಷ್ಟ. ವಾಣಿಜ್ಯೋದ್ಯಮ ಸಂಸ್ಥೆಗಳು ಮಾದರಿ ಗುತ್ತಿಗೆ ಪತ್ರವೊಂದನ್ನು ಸಿದ್ಧಪಡಿಸಿ, ತರಬೇತಿ ಪಡೆದ ಗುತ್ತಿಗೆದಾರರ ಪಟ್ಟಿಯನ್ನು ಸದಸ್ಯರಿಗೆ ಒದಗಿಸಬೇಕು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಹಾಗೂ ಬೆಂಗಳೂರಿನಲ್ಲಿರುವ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರದ ನೆರವು ಕೋರಿ, ಹಳೆಯ ಕಾರ್ಮಿಕರ ತಪಾಸಣೆಗೂ ಮುಂದಾಗಬೇಕು. ಸುರಕ್ಷಿತವಾಗಿ ಛಾವಣಿ ಇಳಿಸಲು ಕೆಲವು ದಿನಗಳೂ ಒಂದಿಷ್ಟು ಹಣವೂ ಹೆಚ್ಚಾಗಿ ಬೇಕಾದೀತು. ಆ ವೆಚ್ಚವನ್ನು ನಿವೇಶನದ ಲೆಕ್ಕಕ್ಕೆ ಈಗಲೇ ಸೇರಿಸುವುದು ವಿವೇಕ. ಇಲ್ಲವಾದರೆ ಮೂವತ್ತು ವರ್ಷಗಳ ಬಳಿಕ ಅದನ್ನು ಯಾವುದೋ ಕುಟುಂಬ ತೆರಬೇಕಾಗುತ್ತದೆ.