ಎರಡು ಪದವಿ, ನಾಲ್ಕೇ ವರ್ಷ

ಎಂಜಿನಿಯರಿಂಗ್ ಜತೆಗೆ ಬಿಸಿನೆಸ್ ಕೂಡ ಬೇಕೆನ್ನುವ ಜಾಣ ಹುಡುಗ ಹುಡುಗಿಯರ ಕಣ್ಣು ಮೊದಲು ಬೀಳುವುದು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೇಲೆ. ಅಲ್ಲಿನ ‘ಎಂ ಅಂಡ್ ಟಿ’ (ಮ್ಯಾನೇಜ್‌ಮೆಂಟ್ ಅಂಡ್ ಟೆಕ್ನಾಲಜಿ) ಕೋರ್ಸ್ 1970ರ ದಶಕದ್ದು. ಅದನ್ನು ಮುಗಿಸಿದವರಿಗೆ ವಾರ್ಟನ್ ಬಿಸಿನೆಸ್ ಶಾಲೆಯಿಂದ ಒಂದು ಪದವಿ, ಎಂಜಿನಿಯರಿಂಗ್ ಶಾಲೆಯಿಂದ ಇನ್ನೊಂದು. ಕ್ಯಾಲಿಫೋರ್ನಿಯಾದ ಬರ್ಕಲಿ ವಿಶ್ವವಿದ್ಯಾಲಯ ಇಂಥದ್ದೇ ‘ಎಂಇಟಿ’ಯನ್ನು 2017ರಲ್ಲಿ ಶುರುಮಾಡಿತು.

ಕೇಳಲು ಚೆಂದ. ಆದರೆ ಎರಡು ಪದವಿಗಳ ಕಡ್ಡಾಯ ವಿಷಯಗಳು ಒಂದೇ ವೇಳಾಪಟ್ಟಿಯಲ್ಲಿ ತುಂಬಿಕೊಂಡಾಗ ಮೊದಲು ಕತ್ತರಿ ಬೀಳುವುದು ಇಷ್ಟದ ಐಚ್ಛಿಕ ವಿಷಯಗಳಿಗೆ, ಲ್ಯಾಬ್‌ನಲ್ಲಿ ಕಳೆಯಬೇಕಾದ ಸಂಜೆಗಳಿಗೆ. ರೋಬೊ ಕಟ್ಟುವ ಹುಚ್ಚಿರುವವರಿಗೆ ಎಂಐಟಿಯೇ ಮೇಲು. ಅಲ್ಲಿ ಮೊದಲ ವರ್ಷ ಯಾವ ವಿಭಾಗಕ್ಕೂ ಸೇರಬೇಕಿಲ್ಲ. ಬಿಸಿನೆಸ್ ರುಚಿಸಿದರೆ ಆಮೇಲೆ ಅಲ್ಲಿನದೇ ಸ್ಲೋನ್ ಬಿಸಿನೆಸ್ ಶಾಲೆಯ ಪಾಠಗಳನ್ನು ಸೇರಿಸಿಕೊಳ್ಳಬಹುದು. ಸ್ಟ್ಯಾನ್‌ಫರ್ಡ್‌ನಲ್ಲಂತೂ ಬಿಸಿನೆಸ್‌ನಲ್ಲಿ ಸ್ನಾತಕ ಪದವಿಯೇ ಇಲ್ಲ, ಹಾಗಾಗಿ ಅಲ್ಲಿ ಈ ಜೋಡಿ ಪದವಿಯ ಪ್ರಶ್ನೆಯೇ ಏಳದು.

ಇನ್ನು ದುಡ್ಡಿನ ಮಾತು. ಬರ್ಕಲಿ ಸರ್ಕಾರಿ ವಿಶ್ವವಿದ್ಯಾಲಯವಾದರೂ ಕ್ಯಾಲಿಫೋರ್ನಿಯಾದ ಹೊರಗಿನವರಿಗೆ ಶುಲ್ಕ ಬಲು ದುಬಾರಿ. ಎಂಐಟಿ ವಿದೇಶಿಯರನ್ನೂ ಮನೆಯ ಆದಾಯ ನೋಡದೆ ಆರಿಸುತ್ತದೆ, ಅಗತ್ಯವಿರುವಷ್ಟು ನೆರವನ್ನೂ ಕೊಡುತ್ತದೆ. ಸೈಟು ಅಡವಿಟ್ಟು ಮಗಳನ್ನು ಕಳುಹಿಸಲು ಹೊರಟ ಬೆಂಗಳೂರಿನ ಪೋಷಕರು ರ‍್ಯಾಂಕಿಂಗ್ ಪಟ್ಟಿಗಿಂತ ಮೊದಲು ಓದಬೇಕಾದದ್ದು ನೆರವಿನ ಈ ನಿಯಮಗಳನ್ನು.