ಮೇಜು ಹಳೆಯದು, ಮರ ಹಳಸಿಲ್ಲ

ನಮ್ಮ ಸಂಘದ ಸಾಗವಾನಿ ಮೇಜನ್ನು ಭಂಗಾರ್‌ವಾಲಾನಿಗೆ ಕೊಟ್ಟು ಹೊಸದೊಂದು ತರೋಣ ಎಂಬ ಮಾತು ಹುಟ್ಟಿದೆ. ನಾನು ಇದಕ್ಕೆ ಸುತರಾಂ ಒಪ್ಪುವವನಲ್ಲ. ಮಿತ್ರರೇ, ಕೆಟ್ಟಿರುವುದು ಮೇಜಲ್ಲ, ಅದರ ಮೇಲಿನ ಪಾಲಿಶ್. ಚಹಾ ಲೋಟದ ಬಿಳಿ ಉಂಗುರಗಳು ಬಿದ್ದಿರುವುದು ಅರಗಿನ ಪದರಕ್ಕೆ, ಮರಕ್ಕಲ್ಲ.

ಕೆಲಸವೇನು ಮಹಾ? 80 ನಂಬರಿನ ಪಾಲಿಶ್ ಪೇಪರಿನಿಂದ ಹಳೇ ಪದರ ತೆಗೆದು, ಆಮೇಲೆ 120, 220ರಿಂದ ನಯಮಾಡುವುದು. ಉಜ್ಜುವುದು ಮಾತ್ರ ಮರದ ಎಳೆ ಹೋದ ಕಡೆಗೇ. ಅಡ್ಡ ಉಜ್ಜಿದರೆ ಗೀರು ಉಳಿದುಬಿಡುತ್ತೆ. ನಂತರ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಬಟ್ಟೆಯುಂಡೆಯಿಂದ ತೆಳ್ಳಗೆ, ಹಲವು ಸಲ ಬಳಿಯಬೇಕು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅರಗೇ. ಮಳೆಗಾಲದಲ್ಲಿ ಮಾತ್ರ ಬೇಡ; ಮುಂಬಯಿಯ ತೇವಕ್ಕೆ ಪಾಲಿಶ್ ಬೆಳ್ಳಗಾಗುತ್ತದೆ. ಸ್ಪಿರಿಟ್ ಹತ್ತಿರ ಸಿಗರೇಟು ಶೂರರೂ ಬೇಡ!

ಹೊಸ ಮೇಜೆಂದು ಅಗ್ಗಕ್ಕೆ ಸಿಗುವುದು ಮರದ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆ. ನೀರು ಕುಡಿದರೆ ಉಬ್ಬುತ್ತೆ, ಉಬ್ಬಿದ್ದು ಇಳಿಯೋದಿಲ್ಲ. ಉಜ್ಜಿ ಹೊಸದು ಮಾಡಲಿಕ್ಕೂ ಬಾರದು.

'ಇದೆಲ್ಲ ಬಡಗಿಯ ಕೆಲಸ' ಎಂದು ಕೆಲವರು ಮೂಗು ಮುರಿಯುತ್ತಾರೆ. ಬಸವ ಜಯಂತಿಗೆ ಕಾಯಕದ ಮಹಿಮೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದು ಇದೇ ಮೇಜಿನ ಹಿಂದೆ ನಿಂತಲ್ಲವೇ? ಠರಾವು ಆಮೇಲೆ. ದೀಪಾವಳಿ ರಜೆಯಲ್ಲಿ ಮೊದಲು ತೋಳೇರಿಸೋಣ.